ಸ್ಟಿಕಿ ನೋಟ್: ಸಭೆಯಲ್ಲಿ ಬಾಯಿ ಬಿಡದವರ ಆಲೋಚನೆಯೂ ಗೋಡೆಗೇರುವ ಬಗೆ

ಫೋನ್ ನಂಬರ್ ಗೀಚಿಟ್ಟುಕೊಳ್ಳಲು ಸ್ಟಿಕಿ ನೋಟ್ ಕೊಳ್ಳುವವರಿಗೆ ಈ ವಿಮರ್ಶೆ ಬೇಕಾಗಿಲ್ಲ. ಯಾವ ಕಟ್ಟು ತಂದರೂ ನಡೆಯುತ್ತದೆ. ಸಹೋದ್ಯೋಗಿಗಳನ್ನು ಗೋಡೆಯ ಮುಂದೆ ಸೇರಿಸಿ ಹೊಸ ಆಲೋಚನೆಗಳನ್ನು ಹುಡುಕಬೇಕೆಂದಿರುವವರಿಗಾಗಿ ಬರೆಯುತ್ತಿದ್ದೇನೆ.

ಗೃಹೋಪಯೋಗಿ ಯಂತ್ರಗಳ ದುರಸ್ತಿ ಸೇವೆಯೊಂದರ ದೂರು ವಿಭಾಗದ ಸಭೆಗಳನ್ನು ನಾನು ನಡೆಸುತ್ತೇನೆ. ‘ಏನಾದರೂ ಹೊಸದು ಹೇಳಿ’ ಎಂದರೆ ಯಾವಾಗಲೂ ಅದೇ ಇಬ್ಬರು ಮಾತನಾಡುತ್ತಿದ್ದರು, ಉಳಿದವರು ತಲೆಯಾಡಿಸುತ್ತಿದ್ದರು. ಇದು ನಮ್ಮ ವಿಭಾಗಕ್ಕೆ ಮಾತ್ರ ಅಂಟಿದ ಕಾಯಿಲೆಯಲ್ಲ. ಮೈಕೆಲ್ ಡೀಲ್ ಮತ್ತು ವೋಲ್ಫ್‌ಗಾಂಗ್ ಸ್ಟ್ರೋಬೆ ಎಂಬ ಮನಃಶಾಸ್ತ್ರಜ್ಞರು 1987ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದರ ಮುಖ್ಯ ಕಾರಣವನ್ನು ತೋರಿಸಿವೆ: ಒಬ್ಬರು ಮಾತನಾಡುವಾಗ ಉಳಿದವರು ಕಾಯಬೇಕಾಗುತ್ತದೆ, ಕಾಯುತ್ತಾ ಕೂತವರ ಆಲೋಚನೆಗಳು ಅಲ್ಲೇ ಕಳೆದುಹೋಗುತ್ತವೆ. ಎಲ್ಲರೂ ಒಟ್ಟಿಗೆ, ಸದ್ದಿಲ್ಲದೆ ಬರೆದರೆ ಸರದಿಗಾಗಿ ಕಾಯುವ ಮಾತೇ ಇರುವುದಿಲ್ಲ.

ನಮ್ಮಲ್ಲಿ ಆದದ್ದನ್ನೇ ಹೇಳುತ್ತೇನೆ. ತಂತ್ರಜ್ಞರು ಗ್ರಾಹಕರ ಮನೆಗೆ ಹೋಗಿ, ಬಿಡಿಭಾಗ ಹೊಂದುವುದಿಲ್ಲವೆಂದು ವಾಪಸು ಬರುವುದು ನಮಗೆ ದೊಡ್ಡ ತಲೆನೋವಾಗಿತ್ತು. ಎಲ್ಲರಿಗೂ ಚೀಟಿ ಹಂಚಿ, ಒಂದು ಚೀಟಿಗೆ ಒಂದೇ ಆಲೋಚನೆ, ಹೆಸರು ಬರೆಯುವಂತಿಲ್ಲ ಎಂದೆ. ಗೋಡೆಗೆ ಬಂದ ಚೀಟಿಗಳಲ್ಲಿ ಒಂದರಲ್ಲಿ ಪುಟ್ಟ ಅಕ್ಷರಗಳಲ್ಲಿ ಹೀಗಿತ್ತು: ‘ಯಂತ್ರದ ಹಿಂಬದಿಯ ಲೇಬಲ್‌ನ ಫೋಟೋ ಮೊದಲೇ ತರಿಸಿಕೊಳ್ಳೋಣ.’ ಅದರ ಪಕ್ಕಕ್ಕೆ ಇನ್ನೊಬ್ಬರು ತಮ್ಮದನ್ನು ತಂದು ಅಂಟಿಸಿದರು: ‘ಹಿರಿಯರಿಗೆ ಫೋಟೋ ಕಳುಹಿಸಲು ಬಾರದು, ಫೋನಿನಲ್ಲಿ ಓದಿಸಿ ಬರೆದುಕೊಳ್ಳೋಣ.’ ಎರಡೂ ಸೇರಿ ಇವತ್ತು ದೂರು ದಾಖಲಿಸುವ ನಮೂನೆಯ ಮೊದಲ ಪ್ರಶ್ನೆಯಾಗಿದೆ. ಮೊದಲ ಚೀಟಿ ಬರೆದವರು ಸಭೆಯಲ್ಲಿ ಅದುವರೆಗೆ ತುಟಿ ಬಿಚ್ಚಿದವರೇ ಅಲ್ಲ ಎಂಬುದು ಆಮೇಲೆ ತಿಳಿಯಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಈ ಕೆಲಸಕ್ಕೆ ಬೇಕಾದ ಗುಣವೆಲ್ಲ ಅದರ ಅಂಟಿನಲ್ಲಿದೆ. 1968ರಲ್ಲಿ ಸ್ಪೆನ್ಸರ್ ಸಿಲ್ವರ್ 3ಎಂ ಕಂಪನಿಯಲ್ಲಿ ಗಟ್ಟಿ ಅಂಟನ್ನು ಹುಡುಕುತ್ತಿದ್ದಾಗ ಸಿಕ್ಕಿದ್ದು ಹಿಡಿದೂ ಬಿಡುವ ಅಂಟು. ಅದರಲ್ಲಿರುವ ಸೂಕ್ಷ್ಮ ಗೋಲಿಗಳು ಅಲ್ಲಲ್ಲಿ ಮಾತ್ರ ತಾಗುವುದರಿಂದ ಚೀಟಿ ಕಿತ್ತರೂ ಹರಿಯುವುದಿಲ್ಲ, ಮತ್ತೆ ಅಂಟುತ್ತದೆ. ಅದಕ್ಕೊಂದು ಉಪಯೋಗ ಹೊಳೆದದ್ದು 1974ರಲ್ಲಿ, ಪ್ರಾರ್ಥನಾ ಗೀತೆಗಳ ಪುಸ್ತಕದಿಂದ ಜಾರಿ ಬೀಳುವ ಗುರುತುಚೀಟಿಗಳಿಂದ ಬೇಸತ್ತಿದ್ದ ಅದೇ ಕಂಪನಿಯ ಆರ್ಟ್ ಫ್ರೈ ಅವರಿಗೆ. ಪೋಸ್ಟ್-ಇಟ್ ಎಂಬ ಹೆಸರಿನಲ್ಲಿ ಅಮೆರಿಕದಾದ್ಯಂತ ಮಾರಾಟಕ್ಕೆ ಬಂದದ್ದು 1980ರಲ್ಲಿ. ಒಬ್ಬರ ಕೈಯಲ್ಲಿ ಕೆಲಸಕ್ಕೆ ಬಾರದೆ ಕೂತಿದ್ದುದು ಇನ್ನೊಬ್ಬರ ತೊಂದರೆಗೆ ಉತ್ತರವಾಯಿತು. ಗೋಡೆಯ ಮೇಲೆ ಚೀಟಿಗಳನ್ನು ಸರಿಸಿ ಸರಿಸಿ ಜೋಡಿಸುವಾಗ ನಾವು ಹುಡುಕುವುದೂ ಇಂಥ ಜೋಡಿಗಳನ್ನೇ.

ಇನ್ನು ದೂರುಗಳು. ಎಲ್ಲ ಕಟ್ಟುಗಳೂ ಒಂದೇ ಅಲ್ಲ. ಅಗ್ಗದ ಕಟ್ಟೊಂದರ ಚೀಟಿಗಳು ಫ್ಯಾನ್ ಗಾಳಿಗೆ ರಾತ್ರೋರಾತ್ರಿ ಉದುರಿ, ಮಧ್ಯಾಹ್ನವೆಲ್ಲ ಕೂತು ಗುಂಪು ಮಾಡಿದ್ದು ನೆಲದ ಪಾಲಾಯಿತು. ಅಂಥ ದಿನ ಯಾರಿಗೂ ಮತ್ತೆ ಜೋಡಿಸುವ ಹುಮ್ಮಸ್ಸು ಇರುವುದಿಲ್ಲ. ಸುಣ್ಣದ ಗೋಡೆಯ ಧೂಳು ಹತ್ತಿದರೆ ಒಳ್ಳೆಯ ಅಂಟೂ ಸಾಯುತ್ತದೆ. ಗಾಜು ಅಥವಾ ಬಿಳಿಹಲಗೆ ಉತ್ತಮ. ಕೀಳುವ ರೀತಿಯೂ ಮುಖ್ಯ. ಕೆಳಗಿನಿಂದ ಮೇಲಕ್ಕೆ ಎಳೆದರೆ ಚೀಟಿ ಸುರುಳಿಯಾಗಿ ಗೋಡೆಯಿಂದ ಎದ್ದು ನಿಲ್ಲುತ್ತದೆ, ದೂರದಿಂದ ಓದಲಾಗದು. ಪಕ್ಕದಿಂದ ಎಳೆದರೆ ಚಪ್ಪಟೆಯಾಗಿ ಕೂರುತ್ತದೆ.

76 ಮಿಲಿಮೀಟರ್ ಚೌಕದ ಗಾತ್ರವೇ ಸರಿ. ಇನ್ನೂ ದೊಡ್ಡದು ಕೊಟ್ಟರೆ ಜನ ಪ್ರಬಂಧ ಬರೆಯುತ್ತಾರೆ. ಬಾಲ್ ಪೆನ್ ಬೇಡ, ದಪ್ಪ ತುದಿಯ ಮಾರ್ಕರ್ ಕೊಡಿ. ಆಗ ಮಾತು ತಾನಾಗಿ ಚಿಕ್ಕದಾಗುತ್ತದೆ, ಕೈಬರಹದ ಗುರುತೂ ಕಡಿಮೆಯಾಗುತ್ತದೆ. ಬಣ್ಣಬಣ್ಣದ ಕಟ್ಟಿಗೆ ಹೆಚ್ಚು ಹಣ ಕೊಡುವ ಅಗತ್ಯ ನನಗಂತೂ ಕಂಡಿಲ್ಲ. ತಲೆಗೊಂದು ಬಣ್ಣ ಹಂಚಿದರೆ ಯಾರು ಏನು ಬರೆದರೆಂದು ತಕ್ಷಣ ತಿಳಿದುಬಿಡುತ್ತದೆ, ಮತ್ತೆ ಹಳೆಯ ಸಂಕೋಚ ಶುರು. ಮೇಲಧಿಕಾರಿ ಕೊನೆಯಲ್ಲಿ ಅಂಟಿಸಲಿ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಮೊಬೈಲ್ ಮತ್ತು ಕಂಪ್ಯೂಟರಿನಲ್ಲಿ ಇದೇ ಬಗೆಯ ಹಲಗೆಗಳು ಸಿಗುತ್ತವೆ. ಬೇರೆ ಬೇರೆ ಊರುಗಳಲ್ಲಿ ಕೂತು ಕೆಲಸ ಮಾಡುವವರಿಗೆ ಅವೇ ಗತಿ, ಉದುರುವ ಭಯವೂ ಇಲ್ಲ. ಒಂದೇ ಕೋಣೆಯಲ್ಲಿ ಇರುವವರು ಮಾತ್ರ ಕಾಗದವನ್ನೇ ತರಿಸಿ, ತುಸು ಹೆಚ್ಚು ಅಂಟಿರುವ ಬಗೆಯದನ್ನು. ಗುಂಪು ಮಾಡಿ ಮುಗಿದ ಕೂಡಲೇ ಗೋಡೆಯ ಫೋಟೋ ತೆಗೆದುಕೊಳ್ಳಿ, ಯಾವ ಚೀಟಿಯ ಕೆಲಸವನ್ನು ಯಾರು ಹೊರುತ್ತಾರೆಂದು ಅಲ್ಲೇ ನಿಂತು ಗೊತ್ತು ಮಾಡಿ.