ಮಾರಿಸ್ ಮೈನರ್‌ಗೆ ಹೊಸ ಡಿಪ್‌ಸ್ಟಿಕ್ ಟ್ಯೂಬ್ ಕೂರಿಸಿಕೊಟ್ಟ ಲೇತ್ ಅಂಗಡಿ

ದಾವಣಗೆರೆಯಲ್ಲಿ ಮೆಕ್ಯಾನಿಕ್‌ಗಳಿಗೆ ಬರ ಇಲ್ಲ. ಮೊದಲು ಅಳತೆ ತೆಗೆದು ಆಮೇಲೆ ಸುತ್ತಿಗೆ ಎತ್ತುವವರಿಗೆ ಮಾತ್ರ ಬರ. ಹಳೆ ಪಿ.ಬಿ. ರಸ್ತೆಯ ಪಕ್ಕದ ಗಲ್ಲಿಯೊಂದರಲ್ಲಿ ಅಂಥವರೊಬ್ಬರು ಸಿಕ್ಕಿದ್ದಾರೆ. ಅಂಗಡಿಯ ಬೋರ್ಡು ಮಾಸಿ ಹೋಗಿದೆ, ಹೆಸರು ಓದಲು ಬರುವುದಿಲ್ಲ. ಬಾಗಿಲ ಮುಂದೆ ಬೇವಿನ ಮರ, ಒಳಗೆ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹಳೆ ಲೇತ್. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ಈ ಮಷೀನು ಮಾತ್ರ ಇನ್ನೂ ತಿರುಗುತ್ತಲೇ ಇದೆ.

ನನ್ನದು ಮಾರಿಸ್ ಮೈನರ್ 1000, 948 ಸಿಸಿ. ದೊಡ್ಡಪ್ಪ ಇಟ್ಟುಕೊಂಡಿದ್ದ ಕಾರು. ಇದರ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಎ-ಸೀರೀಸ್ ಎಂಜಿನ್ನಿನ ಕುಟುಂಬವೇ ಮುಂದೆ ಮಿನಿ ಕಾರಿಗೂ ಬಂತು. ಹಾಗಾಗಿ 1971ರಲ್ಲಿ ಮೈನರ್ ತಯಾರಿಕೆ ನಿಂತರೂ ಬಿಡಿಭಾಗಕ್ಕೆ ಇಂಗ್ಲೆಂಡಿನಲ್ಲಿ ಇವತ್ತಿಗೂ ಕೊರತೆ ಇಲ್ಲ.

ಎಂಜಿನ್ನಿನ ಬಲಗಡೆ, ಡಿಸ್ಟ್ರಿಬ್ಯೂಟರ್ ಇರುವ ಕಡೆಗೇ, ಆಯಿಲ್ ಗೇಜ್ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಇಳಿಯುವ ಸಣ್ಣ ಕಬ್ಬಿಣದ ಟ್ಯೂಬ್ ಇರುತ್ತದೆ. ಬೋಲ್ಟ್ ಇಲ್ಲ, ಥ್ರೆಡ್ ಇಲ್ಲ, ಬ್ಲಾಕಿನ ತೂತಿಗೆ ಬಿಗಿಯಾಗಿ ಬಡಿದು ಕೂರಿಸಿದ್ದು ಅಷ್ಟೇ. ಊರಿನದೇ ಒಂದು ಗ್ಯಾರೇಜಿನಲ್ಲಿ ಪ್ಲಗ್ ಬಿಚ್ಚುವಾಗ ಸ್ಪ್ಯಾನರ್ ಜಾರಿ ಅದು ಬುಡದಲ್ಲೇ ಮುರಿಯಿತು. ಅವರು ಎಂ-ಸೀಲ್ ಮೆತ್ತಿ ನಿಲ್ಲಿಸಿ, 'ಏನೂ ಆಗಲ್ಲ, ಓಡಿಸಿ ಸರ್' ಎಂದು ಕಳಿಸಿದರು.

ಏನೂ ಆಗಲ್ಲ ಅನ್ನುವುದು ಸುಳ್ಳು. ಕಡ್ಡಿಯ ಹಿಡಿ ಟ್ಯೂಬಿನ ಬಾಯಿಗೆ ತಾಗಿ ನಿಲ್ಲುತ್ತದೆ, ಅಲ್ಲಿಂದಲೇ ಆಯಿಲ್ ಮಟ್ಟದ ಲೆಕ್ಕ. ಟ್ಯೂಬ್ ತಗ್ಗಿದರೆ ಕಡ್ಡಿ ಜಾಸ್ತಿ ಆಳಕ್ಕೆ ಹೋಗುತ್ತದೆ. ಚೇಂಬರಿನಲ್ಲಿ ಆಯಿಲ್ ಕಮ್ಮಿ ಇದ್ದರೂ ಕಡ್ಡಿ ಮಾತ್ರ ಪೂರ್ತಿ ಇದೆ ಎನ್ನುತ್ತದೆ. ಟ್ಯೂಬ್ ಎತ್ತರ ಉಳಿದರೆ ಇದರ ಉಲ್ಟಾ. ಕಮ್ಮಿ ತೋರಿಸಿತು ಎಂದು ನೀವು ಮತ್ತೆ ಸುರಿಯುತ್ತೀರಿ. ಈ ಎಂಜಿನ್ನಿಗೆ ಹಿಂದುಗಡೆ ಈಗಿನ ಕಾರುಗಳ ಹಾಗೆ ರಬ್ಬರ್ ಸೀಲ್ ಇಲ್ಲ. ಆಯಿಲನ್ನು ಒಳಕ್ಕೆ ತಿರುಗಿಸಿ ಕಳಿಸುವ ಸುರುಳಿ ತೋಡು ಮಾತ್ರ ಇದೆ. ಹೆಚ್ಚಾದ ಆಯಿಲ್ ಅಲ್ಲಿಂದ ಕ್ಲಚ್ಚಿಗೆ ಇಳಿಯುತ್ತದೆ. ಅದರ ಮೇಲೆ ಎಂ-ಸೀಲ್ ಚೂರು ಒಳಗೆ ಬಿದ್ದು ಪಂಪಿನ ಜಾಲರಿಗೆ ಸಿಕ್ಕಿಕೊಂಡರಂತೂ ಕೇಳುವುದೇ ಬೇಡ.

ಹೊಸ ಟ್ಯೂಬನ್ನು ಇಂಗ್ಲೆಂಡಿನಿಂದ ತರಿಸಿದೆ. ಟ್ಯೂಬಿನ ಬೆಲೆಗಿಂತ ಅಂಚೆ ಖರ್ಚೇ ಜಾಸ್ತಿ. ಮಾಲು ಪರವಾಗಿಲ್ಲ, ಬಾಯಿ ಅಂಚು ನುಣುಪಾಗಿದೆ, ಲೇಪನ ಸಮನಾಗಿದೆ. ಆದರೆ ಹಳೆಯದಕ್ಕಿಂತ ಕೊಂಚ ಉದ್ದ, ಮತ್ತು ತೂತಿಗೆ ಇರಬೇಕಾದಷ್ಟು ಬಿಗಿ ಇಲ್ಲ. ಇದು ಈಗ ತಯಾರಾಗುವ ಹಳೆ ಕಾರಿನ ಸಾಮಾನುಗಳ ಸಾಮಾನ್ಯ ರೋಗ. ಪೊಟ್ಟಣ ಒಡೆದು ಸೀದಾ ಬಡಿದು ಕೂರಿಸುವ ವಸ್ತು ಇದಲ್ಲ. ಟ್ಯೂಬಿಗೆ ಐದಕ್ಕೆ ಮೂರು ಕೊಡುತ್ತೇನೆ.

ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಹೋದೆ. ಮೇಸ್ತ್ರಿ ಬಾನೆಟ್ ಎತ್ತಿದವರು ಯಾವ ಸಾಮಾನಿಗೂ ಕೈ ಹಾಕಲಿಲ್ಲ. 'ಮುರಿದ ತುಂಡು ಐತೇನ್ರಿ?' ಎಂದರು. ಜೇಬಿನಲ್ಲೇ ಇತ್ತು.

ಮೊದಲು ಆಯಿಲ್ ಪೂರ್ತಿ ಇಳಿಸಿದರು. ಬ್ಲಾಕಿನಲ್ಲಿ ಉಳಿದ ತುಂಡಿಗೆ ಥ್ರೆಡ್ ಕೊರೆಯುವ ಒಂದು ಟ್ಯಾಪ್ ಆರಿಸಿ, ಅದರ ಕಾಲುವೆಗಳಿಗೆಲ್ಲ ಗ್ರೀಸ್ ತುಂಬಿದರು. ಕಬ್ಬಿಣದ ಪುಡಿ ಗ್ರೀಸಿಗೆ ಅಂಟಲಿ, ಒಳಗೆ ಬೀಳದಿರಲಿ ಅಂತ. ಅರ್ಧ ಸುತ್ತು ತಿರುಗಿಸುವುದು, ಹೊರತೆಗೆದು ಒರೆಸುವುದು, ಮತ್ತೆ ಗ್ರೀಸ್. ನೋಡುವವನಿಗೆ ಬೇಜಾರು, ಅವರಿಗೆ ಇಲ್ಲ. ಥ್ರೆಡ್ ಬಿದ್ದ ಮೇಲೆ ಒಂದು ಪೈಪ್ ತುಂಡು, ಅದರ ಮೇಲೆ ವಾಷರ್, ಬೋಲ್ಟ್. ಬೋಲ್ಟ್ ಬಿಗಿ ಮಾಡುತ್ತಾ ಹೋದಂತೆ ತುಂಡು ತಾನಾಗಿ ಮೇಲೆ ಬಂತು. ಬ್ಲಾಕಿಗೆ ಒಂದು ಏಟೂ ಇಲ್ಲ.

ಆಮೇಲೆ ನಡೆದದ್ದಕ್ಕೇ ನಾನು ಇದನ್ನೆಲ್ಲ ಬರೆಯುತ್ತಿರುವುದು. ಎರಡೂ ತುಂಡನ್ನು ಬೆಂಚಿನ ಮೇಲೆ ಜೋಡಿಸಿ ಇಟ್ಟರು. ಬ್ಲಾಕಿನ ಒಳಗಿದ್ದ ಭಾಗ ಬೆಳ್ಳಗೆ, ಹೊರಗಿದ್ದ ಭಾಗ ತುಕ್ಕು ಹಿಡಿದು ಕೆಂಪಗೆ. ನಡುವೆ ಉಗುರಿನಲ್ಲಿ ಗೀರಿದಂಥ ಒಂದು ಗೆರೆ. ಆ ಗೆರೆಯಿಂದ ಬಾಯಿಯವರೆಗೆ ವರ್ನಿಯರ್ ಹಿಡಿದು ಅಳೆದರು. ಹೊಸ ಟ್ಯೂಬ್ ಉದ್ದ ಇದೆಯಲ್ಲ, ಏನು ಮಾಡುತ್ತೀರಿ ಎಂದು ಕೇಳಿದೆ. 'ಒಳಗೆ ಎಷ್ಟು ಹೋತು ಅನ್ನೋದು ಬಿಡ್ರಿ ಸರ್, ಹೊರಗೆ ಎಷ್ಟು ಉಳೀತು ಅದನ್ನ ನೋಡ್ರಿ' ಎಂದರು.

ಅಳೆದ ಎತ್ತರಕ್ಕೇ ಸರಿಯಾಗಿ ಲೇತ್‌ನಲ್ಲಿ ಒಂದು ಅಗಲ ಬುಷ್, ಅಂದರೆ ಬಳೆಯಂಥ ಗಿಡ್ಡ ಕೊಳವೆ, ಕಡೆದರು. ಜೊತೆಗೆ ಹಿತ್ತಾಳೆಯ ಒಂದು ಗೂಟ. ಅದರ ತುದಿ ಟ್ಯೂಬಿನೊಳಗೆ ಇಳಿಯುವಷ್ಟು ಸಣ್ಣ, ಮೇಲೆ ಅಗಲ ಭುಜ. ಬುಷ್ ಬ್ಲಾಕಿನ ಮೇಲೆ ಕೂತು ಟ್ಯೂಬನ್ನು ಸುತ್ತುವರಿಯುತ್ತದೆ. ಗೂಟದ ಮೇಲೆ ಬಡಿದಾಗ ಟ್ಯೂಬ್ ಇಳಿಯುತ್ತಾ ಹೋಗಿ, ಸರಿಯಾದ ಎತ್ತರಕ್ಕೆ ಬಂದ ಕ್ಷಣ ಭುಜ ಬುಷ್‌ಗೆ ತಾಗಿ ನಿಲ್ಲುತ್ತದೆ. ಇನ್ನೊಂದು ಕೂದಲೆಳೆ ಇಳಿಸಬೇಕೆಂದರೂ ಇಳಿಯದು. ಬಾಯಿಯೂ ಅರಳುವುದಿಲ್ಲ. ಮೊದಮೊದಲು ಟಪ್ ಟಪ್ ಸದ್ದು, ಕೊನೆಗೆ ಒಮ್ಮೆಲೇ ಗಟ್ಟಿ ಠಣ್. ಆ ಸದ್ದು ಕೇಳಿ ಸುತ್ತಿಗೆ ಕೆಳಗಿಟ್ಟರು.

ಬಿಗಿ ಕಮ್ಮಿ ಇದ್ದದ್ದಕ್ಕೆ ಬಡಿಯುವ ಮೊದಲೇ ಅಂಟು ಹಚ್ಚಿದ್ದರು, ಸಿಲಿಕೋನ್ ಅಲ್ಲ, ಅನಾಬಾಂಡ್. ಗಾಳಿ ಸಿಗದ ಸಂದಿಯಲ್ಲಿ ಲೋಹಕ್ಕೆ ತಾಗಿ ಗಟ್ಟಿಯಾಗುವ ಜಾತಿಯದು. ತೂತನ್ನೂ ಟ್ಯೂಬನ್ನೂ ಮೊದಲು ಥಿನ್ನರ್‌ನಲ್ಲಿ ಒರೆಸಿದ್ದರು, ಎಣ್ಣೆ ಪಸೆ ಇದ್ದರೆ ಅದು ಹಿಡಿಯುವುದಿಲ್ಲ. ಪೂರ್ತಿ ಬಲ ಬರಲಿ ಎಂದು ಕಾರನ್ನು ರಾತ್ರಿ ಅಲ್ಲೇ ಬಿಡಿಸಿದರು. ಬೆಳಿಗ್ಗೆ ಡ್ರೈನ್ ಬೋಲ್ಟ್ ತೆಗೆದಿಟ್ಟೇ ಒಂದಿಷ್ಟು ಆಯಿಲ್ ಸುರಿದು, ಒಳಗೆ ಏನಾದರೂ ಬಿದ್ದಿದ್ದರೆ ಕೊಚ್ಚಿಕೊಂಡು ಬರಲಿ ಎಂದು ಬಟ್ಟೆಯಲ್ಲಿ ಸೋಸಿ ನೋಡಿದರು. ಬಟ್ಟೆ ಚೊಕ್ಕಟವಾಗಿತ್ತು.

ಕೊನೆಯ ಪರೀಕ್ಷೆ ಆಯಿಲ್ ಅಳತೆ. ಮ್ಯಾನ್ಯುಯಲ್‌ನಲ್ಲಿ ಪಿಂಟ್ ಲೆಕ್ಕ ಇದೆ. ಅಂಗಡಿಯ ಹುಡುಗ ಫೋನಿನಲ್ಲಿ ನೋಡಿ ಒಂದು ಪಿಂಟ್‌ಗೆ 473 ಮಿಲಿ ಎಂದ. ಅದು ಅಮೆರಿಕದ ಪಿಂಟ್. ಇಂಗ್ಲಿಷ್ ಕಾರಿಗೆ ಇಂಗ್ಲಿಷ್ ಪಿಂಟ್, 568 ಮಿಲಿ. ಮಂಡಿಪೇಟೆಯಲ್ಲಿ ಅಂಗಡಿ ನಡೆಸುವ ನನಗೆ ತೂಕ, ಅಳತೆ ವಿಷಯದಲ್ಲಿ ಇಷ್ಟಾದರೂ ಬೇಡವಾ! ಅಳತೆ ಜಾರಿನಲ್ಲಿ 20ಡಬ್ಲ್ಯು-50 ಆಯಿಲ್ ಸುರಿದು, ಎಂಜಿನ್ ಓಡಿಸಿ, ಆರಿಸಿ, ಆಯಿಲ್ ಕೆಳಗಿಳಿಯಲು ಬಿಟ್ಟು ಕಡ್ಡಿ ಎಳೆದೆವು. ಮೇಲಿನ ಗೆರೆಗೆ ಸರಿಯಾಗಿ ನಿಂತಿತ್ತು.

ಮಜೂರಿ 1,200 ರೂಪಾಯಿ. ಬುಷ್, ಗೂಟ ಕಡೆದದ್ದೂ ಅದರಲ್ಲೇ. ಅಷ್ಟು ಹೊತ್ತಿನ ಕೆಲಸಕ್ಕೆ ಇದು ಕಮ್ಮಿಯೇ.

ತಕರಾರುಗಳೂ ಇವೆ. ಬಿಲ್ ಕೊಡುವುದಿಲ್ಲ, ಕೇಳಿದರೆ ಕ್ಯಾಲೆಂಡರ್ ಹಾಳೆ ಹರಿದು ಅದರ ಹಿಂದೆ ಬರೆದುಕೊಡುತ್ತಾರೆ. ಫೋನ್ ಎತ್ತುವುದಿಲ್ಲ. 'ನಾಳೆ ಬರ್ರಿ' ಎಂದರೆ ನಾಳಿದ್ದು ಎಂದು ತಿಳಿಯಿರಿ. ಮಧ್ಯಾಹ್ನದ ಮೇಲೆ ಹೋದರೆ ಟ್ರ್ಯಾಕ್ಟರ್ ಕೆಲಸದವರ ಸಾಲು ಇರುತ್ತದೆ, ಬೆಳಿಗ್ಗೆಯೇ ಹೋಗಿ. ಕಾಯುವವರಿಗೆ ಗಲ್ಲಿಯ ತುದಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಸಿಗುತ್ತದೆ. ಬಜ್ಜಿ ಚೆನ್ನಾಗಿದೆ, ಚಹಾ ಬೇಡ.

ಅಂಗಡಿಗೆ ಐದಕ್ಕೆ ನಾಲ್ಕೂವರೆ. ನನ್ನ ಅಳತೆಯ ಬುಷ್, ಗೂಟ ಎರಡನ್ನೂ ಅವರೇ ಇಟ್ಟುಕೊಂಡಿದ್ದಾರೆ. ಊರಿನಲ್ಲಿ ಇನ್ನೊಂದು ಮೈನರ್ ಇದ್ದರೆ ಅದರ ಮಾಲೀಕರು ಕೇಳಬಹುದು. ಹೋಗುವಾಗ ಮುರಿದ ತುಂಡನ್ನು ಎಸೆಯದೆ ತೆಗೆದುಕೊಂಡು ಹೋಗಿ, ಮೊದಲು ಕೇಳುವುದು ಅದನ್ನೇ.