ಬಳ್ಳಿ ಹಣ್ಣುಗಳಿಗೆ ಎಚ್‌ಡಿಪಿಇ ಗ್ರೋ ಬ್ಯಾಗ್: ಅಳತೆ ನೋಡಿ ಕೊಳ್ಳಿ

ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಕೊಂಡವರಿಗೆ ಗಿಡ ಬೆಳೆಸಲು ಸಿಗುವುದು ಕಾಂಪೌಂಡಿನ ಬದಿಯ ಸಿಮೆಂಟಿನ ಪಟ್ಟಿ ಮತ್ತು ತಾರಸಿ ಮಾತ್ರ. ಇಂಥ ಜಾಗದಲ್ಲಿ ಹಣ್ಣು ಬೆಳೆಯಬೇಕೆಂದರೆ ಮರಕ್ಕಿಂತ ಬಳ್ಳಿಯೇ ಅನುಕೂಲ. ಬುಡಕ್ಕೆ ಎರಡಡಿ ಜಾಗ ಸಿಕ್ಕರೆ ಸಾಕು, ಉಳಿದದ್ದನ್ನು ಚಪ್ಪರದ ಮೇಲೆ ಹಬ್ಬಿಸಿಕೊಳ್ಳಬಹುದು. ಬೆಂಗಳೂರಿನ ನಮ್ಮ ತಾರಸಿಯಲ್ಲಿ ಪ್ಯಾಶನ್ ಫ್ರೂಟ್, ದ್ರಾಕ್ಷಿ ಮತ್ತು ಡ್ರ್ಯಾಗನ್ ಫ್ರೂಟ್‌ಗಳನ್ನು ಎಚ್‌ಡಿಪಿಇ ಗ್ರೋ ಬ್ಯಾಗುಗಳಲ್ಲೇ, ಅಂದರೆ ಗಟ್ಟಿ ಪ್ಲಾಸ್ಟಿಕ್ ಬಟ್ಟೆಯಿಂದ ಹೊಲಿದ ಗಿಡದ ಚೀಲಗಳಲ್ಲೇ, ಬೆಳೆಸುತ್ತಿದ್ದೇವೆ. ಮೊದಲ ಎರಡಕ್ಕೆ ಈ ಚೀಲವನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ, ಮೂರನೆಯದಕ್ಕೆ ಮಾಡುವುದಿಲ್ಲ.

ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗುವುದು 12 ಇಂಚು ಅಗಲ, 12 ಇಂಚು ಎತ್ತರದ ಚೀಲ. ಅದರಲ್ಲಿ ಹಿಡಿಸುವುದು ಸುಮಾರು 22 ಲೀಟರ್ ಮಣ್ಣು. ಟೊಮೆಟೊ, ಬದನೆ, ಮೆಣಸಿನಕಾಯಿಗೆ ಅಷ್ಟು ಸಾಕು. ಆದರೆ ವರ್ಷಗಟ್ಟಲೆ ಬಾಳಬೇಕಾದ ಹಣ್ಣಿನ ಬಳ್ಳಿಗೆ ಅದು ಯಾವ ಮೂಲೆಗೂ ಸಾಲದು. 18 ಇಂಚಿನ ಚೀಲದಲ್ಲಿ ಸುಮಾರು 75 ಲೀಟರ್ ಹಿಡಿದರೆ, 24 ಇಂಚಿನದರಲ್ಲಿ ಸುಮಾರು 178 ಲೀಟರ್ ಹಿಡಿಯುತ್ತದೆ. ಅಂದರೆ ಕಣ್ಣಿಗೆ ಅರ್ಧ ಅಡಿ ಮಾತ್ರ ದೊಡ್ಡದಾಗಿ ಕಾಣುವ ಚೀಲ ಬೇರಿಗೆ ಎರಡು ಪಟ್ಟಿಗೂ ಮೀರಿದ ಜಾಗ ಕೊಡುತ್ತದೆ, ಮತ್ತು ಈ ವ್ಯತ್ಯಾಸ ಏಪ್ರಿಲ್‌ನ ಬಿಸಿಲಿನಲ್ಲಿ ಬಹಳ ಸ್ಪಷ್ಟವಾಗಿ ಗೊತ್ತಾಗುತ್ತದೆ: ಚಪ್ಪರದ ತುಂಬ ಎಲೆ ಹರಡಿಕೊಂಡ ಪ್ಯಾಶನ್ ಫ್ರೂಟ್ ಬಳ್ಳಿ ಸಣ್ಣ ಚೀಲದಲ್ಲಿದ್ದರೆ ಬೆಳಿಗ್ಗೆ ಹಾಕಿದ ನೀರನ್ನು ಮಧ್ಯಾಹ್ನದೊಳಗೆ ಹೀರಿ ಮುಗಿಸಿ, ಎಲೆ ಜೋತುಬಿಟ್ಟು, ಹೂವನ್ನೂ ಎಳೆಗಾಯಿಯನ್ನೂ ಉದುರಿಸುತ್ತದೆ. 24 ಇಂಚಿನ ಚೀಲದಲ್ಲಿರುವ ಬಳ್ಳಿ ಅದೇ ಬಿಸಿಲನ್ನು ತಾಳಿಕೊಳ್ಳುತ್ತದೆ. ದ್ರಾಕ್ಷಿಗೆ ಮಾತ್ರ 18 ಇಂಚು ಸಾಕು, ಏಕೆಂದರೆ ಚಾಟನಿ ಮಾಡಿ, ಅಂದರೆ ಕೊಂಬೆ ಸವರಿ, ಅದನ್ನು ನಮಗೆ ಬೇಕಾದಷ್ಟಕ್ಕೇ ನಿಲ್ಲಿಸಿಕೊಳ್ಳಬಹುದು. 2013ರಲ್ಲಿ ಊರಿನ ವಿಶಿಷ್ಟ ಬೆಳೆಗೆ ಸಿಗುವ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ನಮ್ಮ ಹವೆಗೆ ಒಗ್ಗಿದ ತಳಿಯಾದ್ದರಿಂದ ಹೊಸಬರು ಅದರಿಂದ ಆರಂಭಿಸುವುದು ಒಳ್ಳೆಯದು.

ದೊಡ್ಡ ಚೀಲಕ್ಕೆ ಒಂದು ಎಚ್ಚರಿಕೆಯೂ ಸೇರಿಕೊಂಡಿದೆ. ಬರೀ ಕೆಮ್ಮಣ್ಣು ತುಂಬಿ ನೀರು ಹಾಕಿದರೆ 24 ಇಂಚಿನ ಚೀಲದ ಭಾರ ಕಾಲು ಟನ್ನನ್ನು ದಾಟುತ್ತದೆ. ಆದ್ದರಿಂದ ಮಣ್ಣನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ಉಳಿದದ್ದನ್ನು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಿಂದ ತುಂಬಿ, ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಬೇಕು. ಚೀಲವನ್ನು ತಾರಸಿಯ ನಟ್ಟನಡುವೆ ಇಡದೆ ಕೆಳಗೆ ಗೋಡೆಯೋ ತೊಲೆಯೋ ಇರುವ ಕಡೆ, ಇಟ್ಟಿಗೆಗಳ ಮೇಲೆ ಇಡಬೇಕು. ತುಂಬಿದ ಮೇಲೆ ಅದನ್ನು ಎಳೆದಾಡುವಂತಿಲ್ಲ. ಚೀಲಕ್ಕೆ ಹೊಲಿದಿರುವ ಹಿಡಿಕೆ ಕಂಡು ಮೋಸಹೋಗಬಾರದು, ಅದು ಖಾಲಿ ಚೀಲ ಎತ್ತುವುದಕ್ಕಷ್ಟೇ.

ಗುಣಮಟ್ಟದ ವಿಷಯಕ್ಕೆ ಬಂದರೆ, ನಾವು ಬಳಸುತ್ತಿರುವ 220 ಜಿಎಸ್‌ಎಂ (ಚದರ ಮೀಟರಿಗೆ 220 ಗ್ರಾಂ ತೂಕದ) ಚೀಲಗಳ ಬಟ್ಟೆ ಬಿಸಿಲಿಗೆ ಚೆನ್ನಾಗಿ ನಿಂತಿದೆ, ಹೊಲಿಗೆ ನಿಂತಿಲ್ಲ. ತಳವನ್ನು ಪಕ್ಕಕ್ಕೆ ಜೋಡಿಸಿದ ಸಾಲಿನಲ್ಲಿ ಬಿಳಿಯ ದಾರ ಮೊದಲು ಹಳದಿಗೆ ತಿರುಗಿ, ಉಗುರಿನಿಂದ ಕೆರೆದರೆ ಪುಡಿಯಾಗುವಷ್ಟು ಸವೆಯಿತು. ಆ ಸೀಳಿನಿಂದ ಮಣ್ಣಿನ ನೀರು ಜಿನುಗಿ ತಾರಸಿಯ ಮೇಲೆ ಕೆಂಪು ಕಲೆ ಬಿತ್ತು. ಬಟ್ಟೆಗೆ ಬಿಸಿಲು ತಡೆಯುವ ಯುವಿ ಸಂಸ್ಕಾರ ಮಾಡಿ ದಾರವನ್ನು ಹಾಗೇ ಬಿಡುವುದರಲ್ಲಿ ಅರ್ಥವಿಲ್ಲ. ನೀರು ಬಸಿಯುವ ತೂತುಗಳು ಪಕ್ಕದಲ್ಲಿ, ತಳದಿಂದ ಒಂದಿಂಚು ಮೇಲಿರುವುದೂ ಸರಿಯಾದ ವಿನ್ಯಾಸವಲ್ಲ. ಪ್ಯಾಶನ್ ಫ್ರೂಟ್ ಬೇರಿಗೆ ನಿಂತ ನೀರೆಂದರೆ ಆಗದು, ಕೊಳೆ ರೋಗ ಬಂದರೆ ಬಳ್ಳಿ ಉಳಿಯುವುದೂ ಕಷ್ಟ. ತಳದಲ್ಲಿ ನಾವೇ ಇನ್ನೂ ನಾಲ್ಕು ತೂತು ಮಾಡಿಕೊಂಡೆವು.

ಡ್ರ್ಯಾಗನ್ ಫ್ರೂಟ್ ಕಳ್ಳಿಯ ಜಾತಿಯ ಬಳ್ಳಿ. ಬೇರು ಆಳಕ್ಕೆ ಹೋಗುವುದಿಲ್ಲ, ಆದರೆ ಮೇಲಿನ ಭಾರವನ್ನೆಲ್ಲ ಹೊರಲು ಗಟ್ಟಿ ಕಂಬ ಬೇಕು. ಚೀಲದ ಮೆತ್ತನೆಯ ಗೋಡೆ ಕಂಬವನ್ನು ಹಿಡಿದು ನಿಲ್ಲಿಸುವುದಿಲ್ಲ. ಮಳೆಗಾಲದಲ್ಲಿ ಮಣ್ಣು ಸಡಿಲವಾದಾಗ ಕಂಬ ವಾಲುತ್ತದೆ. ಅರ್ಧಕ್ಕೆ ಕತ್ತರಿಸಿದ ಪ್ಲಾಸ್ಟಿಕ್ ಡ್ರಮ್ಮು ಇದಕ್ಕೆ ಉತ್ತಮ.

ಪ್ಯಾಶನ್ ಫ್ರೂಟ್‌ನ ಚಪ್ಪರವನ್ನೂ ಚೀಲಕ್ಕೆ ಆತುಕೊಂಡಂತೆ ನಿಲ್ಲಿಸಬಾರದು. ಪ್ಯಾರಾಪೆಟ್ ಗೋಡೆಗೆ ಕೊಂಡಿ ಬಡಿದು ಜಿಐ ತಂತಿ (ಸತು ಲೇಪಿಸಿದ ಕಬ್ಬಿಣದ ತಂತಿ) ಎಳೆಯಬೇಕು. ಚೀಲದ ಜೊತೆ ಕಿಟ್‌ನಲ್ಲಿ ಬರುವ ನೈಲಾನ್ ಬಲೆ ಅವರೆ, ಹಾಗಲಕ್ಕೆ ಸರಿ. ಕಾಯಿ ತುಂಬಿದ ಬಳ್ಳಿಯ ಭಾರಕ್ಕೆ ಅದು ಜೋಲಾಡುತ್ತದೆ. ಈ ಹಣ್ಣು ಬಿಡುವುದು ಹೊಸ ಚಿಗುರಿನಲ್ಲಿ, ಹಾಗಾಗಿ ಕೊಯ್ಲಿನ ನಂತರ ಸವರುವುದನ್ನು ತಪ್ಪಿಸಬಾರದು. ಹಳದಿ ಬಗೆಯನ್ನು ನೆಡುವವರು ಬೇರೆ ಬೇರೆ ಬೀಜದಿಂದ ಬಂದ ಎರಡು ಸಸಿಗಳನ್ನಾದರೂ ಹಾಕಬೇಕು, ಅದರ ಹೂವಿಗೆ ತನ್ನದೇ ಪರಾಗ ಸಾಮಾನ್ಯವಾಗಿ ಒಗ್ಗುವುದಿಲ್ಲ. ಮಧ್ಯಾಹ್ನ ಹೂವು ಅರಳುವ ಹೊತ್ತಿಗೆ ಕಪ್ಪನೆಯ ದೊಡ್ಡ ದುಂಬಿ ಬಂದು, ಬೆನ್ನ ತುಂಬ ಹಳದಿ ಪುಡಿ ಮೆತ್ತಿಕೊಂಡು ಇನ್ನೊಂದು ಹೂವಿಗೆ ಹಾರುವುದನ್ನು ನೋಡುವುದೇ ಒಂದು ಸಂತೋಷ. ದುಂಬಿ ಬಾರದ ಕಡೆ ಕಿರು ಕುಂಚದಿಂದ ನಾವೇ ಪರಾಗ ಮುಟ್ಟಿಸಬೇಕು. ಒಂದೇ ಬಳ್ಳಿಗೆ ಜಾಗವಿರುವವರು ನೇರಳೆ ಬಗೆಯನ್ನು ಆರಿಸಿಕೊಳ್ಳಲಿ.

ಕೊಳ್ಳುವಾಗ ಚೀಲವನ್ನು ಒಳಮುಖ ಮಾಡಿ ತಳದ ಹೊಲಿಗೆ ಎರಡು ಸಾಲಿದೆಯೇ ನೋಡಿ, ಹೊರಮೈ ಬಿಳಿ ಅಥವಾ ತಿಳಿ ಬಣ್ಣದ್ದನ್ನೇ ಆರಿಸಿ. ಕಪ್ಪು ಚೀಲದಲ್ಲಿ ಬಿಸಿಲು ಬೀಳುವ ಬದಿಯ ಬೇರು ಬೇಯುತ್ತದೆ. ತಯಾರಕರು ದಾರದ ಗುಣಮಟ್ಟವನ್ನು ಸರಿಪಡಿಸಿದರೆ, ಈಗಿನ ಬೆಲೆಗಿಂತ ಸ್ವಲ್ಪ ಹೆಚ್ಚು ಕೊಡಲೂ ನಾನು ಸಿದ್ಧನಿದ್ದೇನೆ.