ನಕ್ಷತ್ರ ಪರದೆ: ಮೈಕಾ, ಮಿಕ್ಸರಿನ ತಂತಿಯಾ?

ಧ್ರುವನ ಕಥೆಯ ನೃತ್ಯರೂಪಕಕ್ಕೆ ನಕ್ಷತ್ರಗಳ ಪರದೆ ಬೇಕೇ ಬೇಕು, ಮೃದಂಗ ನುಡಿದಾಗೆಲ್ಲ ಅದು ಮಿನುಗಬೇಕು ಎಂದು ಮಕ್ಕಳು ಹಟ ಹಿಡಿದರು. ಮೂರು ದಾರಿ ನೋಡಿದೆ. ಇನ್ನು ಮುಂದೆ ನನ್ನದು ಒಂದೇ ದಾರಿ: ಸೌಂಡಿನವರ ಮಿಕ್ಸರಿನಿಂದ (ಎಲ್ಲ ಮೈಕುಗಳ ಸದ್ದು ಬಂದು ಸೇರುವ ಪೆಟ್ಟಿಗೆ) ನೇರ ತಂತಿ.

ಅಂಗಡಿಯ ರೆಡಿಮೇಡ್ ಸೀರಿಯಲ್ ಸೆಟ್ ಸದ್ದಾದರೆ ಪೂರ್ತಿ ಒಟ್ಟಿಗೇ ಹೊತ್ತಿ ಆರುತ್ತದೆ. ಅದು ಆಕಾಶವಲ್ಲ, ಮದುವೆ ಮಂಟಪ.

ಉಳಿದೆರಡು ದಾರಿ ಮೈಕ್ ಮತ್ತು ಮಿಕ್ಸರಿನ ತಂತಿ. ಎರಡಕ್ಕೂ ಸಾಮಾನು ಒಂದೇ: ಕಪ್ಪು ಬಟ್ಟೆಯ ತೂತುಗಳಿಗೆ ಸಿಕ್ಕಿಸಿದ ಒಂದೊಂದನ್ನೂ ಬೇರೆಬೇರೆಯಾಗಿ ಮಿನುಗಿಸಬಹುದಾದ 200 ಡಬ್ಲ್ಯುಎಸ್2811 ಬಲ್ಬು, 5 ವೋಲ್ಟಿನ ಸಪ್ಲೈ, ದೀಪ ಆಡಿಸುವ ತಂತ್ರಾಂಶ ಡಬ್ಲ್ಯುಎಲ್‌ಇಡಿ ಹಾಕಿದ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು. ಸಾಲಿನ ಕೊನೆಯ ಚುಕ್ಕಿಗಳು ಕೆಂಪಗಾದರೆ ಆ ತುದಿಗೂ ಕರೆಂಟ್ ಕೊಡಿ.

ಮೊದಲು ಐಎನ್‌ಎಂಪಿ441 ಮೈಕ್ ಹಾಕಿದೆ. ಮನೆಯಲ್ಲಿ ಪ್ರತಿ ಪೆಟ್ಟಿಗೂ ಚೆಂದಾಗಿ ಮಿನುಗಿತು. ರಿಹರ್ಸಲ್‌ಗೆ ಸಮುದಾಯ ಭವನಕ್ಕೆ ಹೋದೆವು. ಧ್ರುವ ತಪಸ್ಸಿಗೆ ನಿಂತ. ತಂಬೂರಿ ಬಿಟ್ಟರೆ ಸದ್ದಿಲ್ಲ. ಆಗಲೇ ನಕ್ಷತ್ರಗಳು ಹುಚ್ಚೆದ್ದು ಮಿಟುಕಿದವು! ಡಬ್ಲ್ಯುಎಲ್‌ಇಡಿಯಲ್ಲಿ ಎಜಿಸಿ (ಸದ್ದಿನ ಮಟ್ಟವನ್ನು ತಾನೇ ಹೊಂದಿಸುವ ಸೌಲಭ್ಯ) ಆನ್ ಇದ್ದರೆ ಸದ್ದು ಕಡಿಮೆಯಾದಷ್ಟೂ ಅದು ಮೈಕಿನ ಗೇನ್, ಅಂದರೆ ಸದ್ದು ಹಿಗ್ಗಿಸುವ ಪ್ರಮಾಣ, ಏರಿಸುತ್ತದೆ. ಹಾಗಾಗಿ ಫ್ಯಾನುಗಳ ಗರಗರವೇ ಅದಕ್ಕೆ ಸಂಗೀತವಾಗಿತ್ತು. ಎಜಿಸಿ ಆಫ್ ಮಾಡಿ, ಮೆಲು ಸದ್ದನ್ನು ತಡೆಯುವ ಸ್ಕ್ವೆಲ್ಚ್ ಏರಿಸಿದೆ. ಫ್ಯಾನು ಹೋಯಿತು, ಜೊತೆಗೆ ಮೃದಂಗದ ಮೆಲು ನುಡಿಗಳೂ ಹೋದವು. ಎರಡು ಸಂಜೆ ಅದರಲ್ಲೇ ಕಳೆದು ಹೇಗೋ ನಡುವಿನ ಅಂಕಿ ಹಿಡಿದೆ. ಆಮೇಲೆ ನೋಡಲು ಬಂದ ಪೋಷಕರು ಚಪ್ಪಾಳೆ ತಟ್ಟಿದರು. ಸುನೀತಿಯ ದುಃಖದ ನಡುವೆ ಇಡೀ ಆಕಾಶ ಭಗ್ಗೆಂದಿತು. ಆ ಪಾತ್ರದ ಹುಡುಗಿ ಕೆಳಗಿಳಿದು ಬಂದು, "ಅಂಕಲ್, ನಾನು ಅಳುವಾಗ ನಕ್ಷತ್ರ ಯಾಕೆ ಕುಣೀತಾವೆ?" ಎಂದಳು. ಅವತ್ತೇ ಮೈಕ್ ಬಿಚ್ಚಿದೆ.

"ಸಾರ್, ಒಂದು ಆಕ್ಸ್ ಖಾಲಿ ಇದೆ, ತಗೊಳ್ಳಿ" ಎಂದರು ಸೌಂಡಿನವರು. ಆಕ್ಸ್ ಅಂದರೆ ಬೇಕಾದ ಸದ್ದನ್ನಷ್ಟೇ ಹೊರಗೆ ಕೊಡುವ ಮಿಕ್ಸರಿನ ಕಿಂಡಿ. ಮೈಕ್ ಇದ್ದ ಜಾಗಕ್ಕೆ, ತಂತಿಯ ಸದ್ದನ್ನು ಅಂಕಿಗಳಾಗಿ ಬದಲಿಸುವ ಪಿಸಿಎಂ1808 ಬೋರ್ಡ್ ಬಂತು. ಆ ಆಕ್ಸ್‌ಗೆ ಮೃದಂಗದ ಚಾನೆಲ್ ಮಾತ್ರ, ಅದೂ ಪ್ರೀ-ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಗುಂಡಿಗಿಂತ ಮೊದಲೇ ತೆಗೆದದ್ದು. ಭವನದೊಳಗಿನ ಸದ್ದು ಏರಿಸಿದರೂ ಇಳಿಸಿದರೂ ನಕ್ಷತ್ರಕ್ಕೆ ಗೊತ್ತಾಗುವುದಿಲ್ಲ. ಹಾಡು, ಚಪ್ಪಾಳೆ ಯಾವುದೂ ಅತ್ತ ಸುಳಿಯುವುದಿಲ್ಲ. ತಂತಿ ಜೋಡಿಸಿದೊಡನೆ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬಂತು. ನಡುವೆ ಆಡಿಯೋ ಐಸೊಲೇಟರ್ (ಸದ್ದನ್ನು ಮಾತ್ರ ದಾಟಿಸಿ ವಿದ್ಯುತ್ತಿನ ನೇರ ಸಂಪರ್ಕ ಕಡಿಯುವ ಸಾಧನ) ಹಾಕಿದ ಮೇಲೆ ನಿಂತಿತು. ಅಷ್ಟೇ ತೊಂದರೆ. ಬೋರ್ಡು, ಐಸೊಲೇಟರ್ ಸೇರಿ ಖರ್ಚು ಮೈಕಿಗಿಂತ ಹೆಚ್ಚೇ, ಆದರೆ ಎರಡು ಸಂಜೆ ಹಾಳಾದದ್ದಕ್ಕೆ ಹೋಲಿಸಿದರೆ ನನಗೆ ಅದು ಏನೂ ಅಲ್ಲ.

ಮಿಕ್ಸರೇ ಇಲ್ಲದ ಶಾಲೆಯ ಅಂಗಳದಲ್ಲಿ ಮೈಕೇ ಗತಿ.

ಕೊನೆಯ ಬಲ್ಬನ್ನು ಡಬ್ಲ್ಯುಎಲ್‌ಇಡಿಯಲ್ಲಿ ಬೇರೆ ಸೆಗ್ಮೆಂಟ್ (ಗುಂಪು) ಮಾಡಿ ಸಾಲಿಡ್‌ನಲ್ಲಿ, ಅಂದರೆ ಮಿನುಗದೆ ಒಂದೇ ಸಮ ಉರಿಯುವಂತೆ, ಇಟ್ಟಿದ್ದೆ. ಪ್ರದರ್ಶನದ ರಾತ್ರಿ ಮೃದಂಗಕ್ಕೆ 199 ಚುಕ್ಕಿ ಮಿನುಗಿದವು, ಧ್ರುವನದು ಅಲುಗಲಿಲ್ಲ.